ಮೂರನೇ ತಿರುವಿನ ಹಳದಿ ಬಾವುಟ

ಜನವರಿ ಬಂತೆಂದರೆ ರಾಯಚೂರಿನವರಿಗೆ ಎರಡು ದಿನ ಕಿವಿ ತಮ್ಮದಲ್ಲ. ಊರ ಹೊರಗಿನ ಬಯಲಿನಲ್ಲಿ ಶನಿವಾರ, ಭಾನುವಾರ ಬೈಕುಗಳ ಮಣ್ಣಿನ ರೇಸು. ಬೆಳಿಗ್ಗೆ ಮೆರವಣಿಗೆ, ಮಧ್ಯಾಹ್ನ ಟ್ರಾಲಿ ಕಟ್ಟಿದ ಟ್ರ್ಯಾಕ್ಟರನ್ನು ಹಿಂದಕ್ಕೆ ಓಡಿಸುವ ಪಂದ್ಯ, ದಿನವಿಡೀ ಡಿಜೆ. ಮಿರ್ಚಿ ಬಜ್ಜಿ, ಮಂಡಕ್ಕಿ ಒಗ್ಗರಣೆ ಮಾರುವವರ ಸಾಲು ಎಷ್ಟು ಉದ್ದವೆಂದರೆ, ಬಂದ ಜನರಲ್ಲಿ ಅರ್ಧದಷ್ಟು ಮಂದಿ ರೇಸನ್ನೇ ನೋಡದೆ ಹೊಟ್ಟೆ ತುಂಬಿಸಿಕೊಂಡು ಮನೆಗೆ ಹೋಗುತ್ತಾರೆ.

ಮಾನ್ವಿಯ ಅಕ್ಕಿ ಮಿಲ್ಲಿನ ಮಾಲೀಕ ಮುದುಕಪ್ಪನಿಗೆ ಮಾತ್ರ ಅಲ್ಲಿ ಕೆಲಸವಿತ್ತು. ಹನ್ನೊಂದು ವರ್ಷದಿಂದ ಮೂರನೇ ತಿರುವಿನಲ್ಲಿ ಹಳದಿ ಬಾವುಟ ಹಿಡಿಯುವವನು ಅವನೇ. ತಿರುವಿನಾಚೆ ಯಾರಾದರೂ ಬಿದ್ದರೆ ಬಾವುಟ ಬೀಸಬೇಕು. ಹಿಂದಿನಿಂದ ಬರುವವರು ವೇಗ ತಗ್ಗಿಸಬೇಕು. ಆಚೆ ಏನಾಗಿದೆಯೆಂದು ಸವಾರರಿಗೆ ಕಾಣುವುದಿಲ್ಲ, ಅವರ ಜೀವವೆಲ್ಲ ಮುದುಕಪ್ಪನ ಕೈಯಲ್ಲಿ. ಮಿಲ್ಲಿನಲ್ಲಿ ಹಮಾಲರನ್ನು ಬೆಳಗಿನಿಂದ ಸಂಜೆವರೆಗೆ ಬೈಯುವ ಮನುಷ್ಯ ಆ ತಿರುವಿನಲ್ಲಿ ತುಟಿ ಎರಡು ಮಾಡುತ್ತಿರಲಿಲ್ಲ.

ಕಳೆದ ವರ್ಷ ಆ ಕೈ ಬೇರೆ ಕಡೆ ಇತ್ತು. ಮಠದವರು ಹುಗ್ಗಿಯ ಪ್ರಸಾದ ಹಂಚುತ್ತ ಬೇಲಿಯ ಪಕ್ಕ ಬಂದಿದ್ದರು. ಪ್ರಸಾದವನ್ನು ಒಂದೇ ಕೈಯಲ್ಲಿ ಇಸಿದುಕೊಳ್ಳುವುದು ಮುದುಕಪ್ಪನ ಜನ್ಮದಲ್ಲೇ ಇಲ್ಲ. ಬಾವುಟವನ್ನು ಕಂಕುಳಲ್ಲಿ ಅವುಚಿಕೊಂಡು ಎರಡೂ ಕೈ ಒಡ್ಡಿದ, ಕಣ್ಣಿಗೊತ್ತಿಕೊಂಡ. ಅಷ್ಟರಲ್ಲಿ ತಿರುವಿನಾಚೆ ಒಬ್ಬ ಜಾರಿ ಬಿದ್ದ. ಹಿಂದೆಯೇ ಬಂದ ದೇವದುರ್ಗದ ಆನಂದ, ಬಾವುಟ ಕಾಣದ್ದರಿಂದ ಪೂರ್ತಿ ವೇಗದಲ್ಲಿ ತಿರುಗಿದ. ಬಿದ್ದವನನ್ನು ಉಳಿಸಲು ಹೋಗಿ ಕಂಬಕ್ಕೆ ಬಡಿದ. ಇಪ್ಪತ್ತನಾಲ್ಕು ವರ್ಷದವನ ಬಲಗಾಲು ಮೊಣಕಾಲಿನ ಕೆಳಗೆ ಉಳಿಯಲಿಲ್ಲ.

ಮೊದಲು ಓಡಿದವನೂ ಮುದುಕಪ್ಪನೇ. ಹುಗ್ಗಿ ಮೆತ್ತಿದ ಕೈಯಲ್ಲೇ ಆನಂದನನ್ನು ಎತ್ತಿ ಜೀಪಿನವರೆಗೆ ಹೊತ್ತ. ಸಂಜೆ ಸಂಘಟಕರು ಬಾವುಟ ತೋರಿಸಿದ್ದಿರಾ ಎಂದು ಕೇಳಿದಾಗ, "ತೋರ್ಸಿದ್ದೆ" ಎಂದ. ಬೇಲಿಯ ಪಕ್ಕದವರೆಲ್ಲ ಪ್ರಸಾದದ ಕಡೆ ನೋಡುತ್ತಿದ್ದರು. ಆನಂದನಿಗೆ ಆ ತಿರುವಿನ ನೆನಪೇ ಉಳಿದಿರಲಿಲ್ಲ. ಮುದುಕಪ್ಪನಂಥವನ ಮಾತನ್ನು ಎರಡನೇ ಸಲ ಕೇಳುವವರು ಯಾರು? ಬಾವುಟ ಕಂಡೂ ವೇಗ ತಗ್ಗಲಿಲ್ಲವೆಂದರೆ ಬ್ರೇಕ್ ಹಿಡಿದಿಲ್ಲ ಎಂದಾಯಿತು. ಬ್ರೇಕ್ ಕೂರಿಸಿದವನು ಆನಂದನ ಅಣ್ಣ ತಾಯಣ್ಣ, ದೇವದುರ್ಗದ ಬಸ್ ನಿಲ್ದಾಣದ ಹಿಂದೆ ಗ್ಯಾರೇಜ್ ಇಟ್ಟಿದ್ದವನು. ಆಸ್ಪತ್ರೆಯಲ್ಲಿ ತಮ್ಮ ಅವನ ಕಡೆ ಮುಖ ತಿರುಗಿಸಲಿಲ್ಲ. ತಿಂಗಳೊಳಗೆ ತಾಯಣ್ಣ ಗ್ಯಾರೇಜಿಗೆ ಬೀಗ ಜಡಿದು ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗಿಬಿಟ್ಟ.

ಈ ವರ್ಷ ಭಾನುವಾರದ ರೇಸಿಗೆ ಚಾಲನೆ ಕೊಡಲು ಆನಂದನನ್ನೇ ಕರೆದಿದ್ದರು. ಅವನ ಜೀವ ಉಳಿಸಿದ ಮುದುಕಪ್ಪನಿಗೆ ಅದೇ ವೇದಿಕೆಯಲ್ಲಿ ಸನ್ಮಾನ. ಬೇಡವೆಂದರೂ ಬಿಡಲಿಲ್ಲ, ಅದನ್ನೂ ವಿನಯವೆಂದುಕೊಂಡರು.

ಶನಿವಾರ ಮಿರ್ಚಿ ಅಂಗಡಿಗಳ ಹತ್ತಿರ ಒಬ್ಬ ಹೆಂಗಸು ಮುದುಕಪ್ಪನ ಕಾಲು ಮುಟ್ಟಲು ಬಗ್ಗಿದಳು. ಅವನು ಬೆಂಕಿ ತಾಗಿದವನ ಹಾಗೆ ಹಿಂದೆ ಸರಿದ.

"ನಾ ಆನಂದನ ತಾಯಿ ಶೇಖಮ್ಮ ಅದೀನ್ರೀ" ಎಂದಳು. "ನನ್ನ ದೊಡ್ಡ ಮಗ ವರ್ಷಾತು ಮನಿಗೆ ಬಂದಿಲ್ಲ. ಈ ಕೈಲೆ ಮತ್ತ ಸ್ಪಾನರ್ ಹಿಡಿಯಂಗಿಲ್ಲ ಅಂತಾನ. ತಮ್ಮನ ಜೀವ ಉಳಿಸಿದೋರು ನೀವು, ನಿಮ್ಮ ಮಾತು ಕೇಳ್ತಾನ. ಮನಿಗೆ ಬಾ ಅಂತ ಒಂದು ಮಾತು ಹೇಳ್ರಿ, ಸಾವ್ಕಾರ್ರ."

ಮುದುಕಪ್ಪ ಹ್ಞೂಂ ಎಂದ. ನಿಜ ಹೇಳಿದರೆ ಹನ್ನೊಂದು ವರ್ಷದ ಹೆಸರು ಮಣ್ಣುಪಾಲು, ಮಾನ್ವಿಯಲ್ಲಿ ತಲೆ ಎತ್ತಿ ತಿರುಗುವಂತಿಲ್ಲ. ಹೇಳದಿದ್ದರೆ ಈ ತಾಯಿಗೆ ಮಗನಿಲ್ಲ. ಹೋದರೆ ಹೋಗಲಿ ಹೆಸರು ಎಂದು ಅವನು ನಿರ್ಧರಿಸಿದ. ಆ ನಿರ್ಧಾರದಿಂದ ವರ್ಷದಲ್ಲಿ ಮೊದಲ ಸಲ ಎದೆ ಹಗುರಾಯಿತು.

ಭಾನುವಾರ ಬೆಳಿಗ್ಗೆ ವೇದಿಕೆಯ ಹಿಂದಿನ ಶಾಮಿಯಾನದಲ್ಲಿ ಆನಂದ ಕೃತಕ ಕಾಲು ಚಾಚಿ ಕುಳಿತಿದ್ದ. ಪಕ್ಕದಲ್ಲಿ ಶೇಖಮ್ಮ. ಮುದುಕಪ್ಪ ಎದುರಿಗೆ ಕುಳಿತ.

"ಆನಂದಾ, ಅವತ್ತು ನಾ ಬಾವುಟ ತೋರ್ಸಿಲ್ಲಪಾ. ಕಂಕುಳಾಗ ಇಟ್ಕೊಂಡು ಪ್ರಸಾದ ತಗೊಳಾಕತ್ತಿದ್ದೆ. ನಿನ್ನ ಬ್ರೇಕ್ ಚಲೋನ ಇತ್ತು. ನಿಮ್ಮಣ್ಣಂದು ಏನೂ ತಪ್ಪಿಲ್ಲ."

ಆನಂದ ತಾಯಿಯ ಕಡೆ ತಿರುಗಿದ. "ಯವ್ವಾ, ಸಾವ್ಕಾರ್ರಿಗೆ ಏನು ಹೇಳೀದಿ ನೀ?" ಅವನ ಕಣ್ಣು ತುಂಬಿದ್ದವು. "ನಮ್ಮ ಸಲುವಾಗಿ ಇಷ್ಟು ದೊಡ್ಡ ಮಾತು ಮೈಮ್ಯಾಲ ಹಾಕ್ಕೊಬ್ಯಾಡ್ರೀ. ನಾನ ಕರಿತೀನಿ ಅಣ್ಣನ್ನ."

"ಖರೇನ ಹೇಳಾಕತ್ತೀನೋ."

ಆನಂದ ಅಣ್ಣನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ. ಅತ್ತ ಕಾಂಕ್ರೀಟ್ ಯಂತ್ರದ ಗದ್ದಲ. ಮುದುಕಪ್ಪ ಎಲ್ಲವನ್ನೂ ಮತ್ತೊಮ್ಮೆ ಹೇಳಿದ, ಹುಗ್ಗಿಯನ್ನೂ ಬಿಡದೆ. ತಾಯಣ್ಣ ಅಡ್ಡ ಮಾತಾಡದೆ ಕೇಳಿಸಿಕೊಂಡ.

"ನೀವು ದೊಡ್ಡೋರು ಸಾವ್ಕಾರ್ರ. ನಮ್ಮ ಮನಿ ಒಂದಾಗ್ಲಿ ಅಂತ ಹೇಳಾಕತ್ತೀರಿ, ತಿಳೀತದ. ಆದ್ರ ಅವತ್ತು ಬ್ರೇಕಿನ ನಟ್ಟು ಒಂದು ಸುತ್ತು ಕಡಿಮಿ ತಿರುವಿದ್ದೆ ನಾನು. ಚಂದಾಗಿ ನೆನಪದ."

ಇಲ್ಲದ ತಪ್ಪನ್ನು ವರ್ಷವಿಡೀ ನೆನೆದು ನೆನೆದು ಅವನು ನಿಜ ಮಾಡಿಕೊಂಡಿದ್ದ. ಮುದುಕಪ್ಪ ಫೋನಿನತ್ತ ಬಗ್ಗಿದ.

"ಕೊಳ್ಳಾಗಿನ ಲಿಂಗದ ಮ್ಯಾಲ ಆಣಿ ತಾಯಣ್ಣಾ, ತಪ್ಪು ನಂದು."

"ಆಣಿ ಹಾಕಬ್ಯಾಡ್ರೀ. ನನ್ನ ಸಲುವಾಗಿ ನಿಮಗ ಪಾಪ ಬರೂದು ಬ್ಯಾಡ" ಎಂದ ತಾಯಣ್ಣ. ಆಮೇಲೆ ತಮ್ಮನಿಗೆ, "ಆನಂದಾ, ಅವರನ್ನ ಚಲೋ ನೋಡ್ಕೋ. ಯವ್ವಗ ನಾ ಆರಾಮ ಅದೀನಿ ಅಂತ ಹೇಳು" ಎಂದು ಫೋನು ಇಟ್ಟ.

ಆಗಲೇ ಮೈಕಿನಲ್ಲಿ ಮುದುಕಪ್ಪನ ಹೆಸರು ಕೂಗಿದರು. ಅವನಿಗೆ ಏಳಲಾಗಲಿಲ್ಲ. ಕಾಲಿಲ್ಲದ ಹುಡುಗನೇ ರಟ್ಟೆ ಹಿಡಿದು ಎಬ್ಬಿಸಿದ. ಅಷ್ಟು ಹೊತ್ತೂ ಶೇಖಮ್ಮ ಮುದುಕಪ್ಪನ ಮುಖವನ್ನೇ ನೋಡುತ್ತಿದ್ದಳು. ಅಲ್ಲಿದ್ದವರಲ್ಲಿ ಅವನನ್ನು ನಂಬಿದವಳು ಅವಳೊಬ್ಬಳೇ.

"ಅವತ್ತ ಹೇಳಿದ್ರ ನನ್ನ ಮಗ ನಂಬ್ತಿದ್ದ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಮುದುಕಪ್ಪನಿಗೆ ಅದನ್ನು ತಾಳಲಾಗಲಿಲ್ಲ.

ಆನಂದನ ಹೆಗಲ ಮೇಲೆ ಭಾರ ಬಿಟ್ಟು ಮುದುಕಪ್ಪ ಮೆಟ್ಟಿಲು ಹತ್ತಿದ. ಶಾಲು ಹೊದಿಸುವಾಗ ಅವನು ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತ. ಎಷ್ಟು ಮೃದು ಮನಸ್ಸಿನ ಮನುಷ್ಯ ಎಂದುಕೊಂಡು ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು.