ಕರೆಂಟಿಗೆ ನೀರು

"ಅಮ್ಮ, ಇವತ್ತೂ ಹೊಡೀತು" ಎಂದು ಹರಿತಾ ಫ್ರಿಜ್ಜಿನ ಬಾಗಿಲಿಂದ ಕೈಯನ್ನು ಸರಕ್ಕನೆ ಎಳೆದುಕೊಂಡಳು.

ವರಲಕ್ಷ್ಮಿ ಒಗ್ಗರಣೆಯ ಸೌಟನ್ನು ಹಾಗೇ ಬಿಟ್ಟು ಬಂದು ಮಗಳ ಬೆರಳುಗಳನ್ನು ಹಿಡಿದು ನೋಡಿದಳು. ನೋಡಲು ಅಲ್ಲಿ ಏನೂ ಇರಲಿಲ್ಲ. ಹರಿತಾಳಿಗೆ ಏಳು ತಿಂಗಳು ತುಂಬಿತ್ತು. ಸೀಮಂತ ಮುಗಿಸಿಕೊಂಡು ಗೌರಿಬಿದನೂರಿನ ಗಂಡನ ಮನೆಯಿಂದ ಚಿಂತಾಮಣಿಗೆ ಬಂದಾಗಿನಿಂದ ಈ ಫ್ರಿಜ್ಜು ಅವಳನ್ನು ಹೆದರಿಸುತ್ತಲೇ ಇತ್ತು. ಮೊದಮೊದಲು ಇರುವೆ ಕಚ್ಚಿದ ಹಾಗಿತ್ತು. ಈಗ ಮೊಣಕೈವರೆಗೂ ಜುಮ್ಮೆನ್ನುತ್ತಿತ್ತು.

"ಚಪ್ಪಲಿ ಹಾಕ್ಕೊಂಡು ಮುಟ್ಟು ಅಂದಿದ್ನಲ್ಲೇ."

"ಅಡಿಗೆಮನೇಲಿ ಚಪ್ಪಲಿ ಹಾಕ್ಕೊಂಡು ಓಡಾಡಿ ಅಭ್ಯಾಸ ಇಲ್ಲಮ್ಮ. ಮರ್ತೋಗತ್ತೆ."

ಹೊರಗೆ ಹಾಲಿನಲ್ಲಿ ಪೇಪರು ಓದುತ್ತಿದ್ದ ಅವಳ ಅಪ್ಪ ಗಂಗಾಧರ್, "ಸಾಯಂಕಾಲ ಹೊಸದು ಬರತ್ತೆ. ಅಲ್ಲೀತನಕ ಅದರ ತಂಟೆಗೆ ಹೋಗ್ಬೇಡಿ" ಎಂದ. ಸರ್ವೀಸಿನ ಹುಡುಗ ಬಂದು ನೋಡಿ, ಕಂಪ್ರೆಸರಿನೊಳಗೆ ಕರೆಂಟು ಲೀಕಾಗುತ್ತಿದೆ, ಇಷ್ಟು ಹಳೆಯದನ್ನು ರಿಪೇರಿ ಮಾಡಿಸಿ ಪ್ರಯೋಜನವಿಲ್ಲ ಎಂದು ಹೇಳಿ ಹೋಗಿದ್ದ. ಅಂಗಡಿಯವರು ಹೊಸದನ್ನು ಇಳಿಸಿ ಹಳೆಯದನ್ನು ಎತ್ತಿಕೊಂಡು ಹೋಗುವುದೆಂದು ಮಾತಾಗಿತ್ತು.

ವರಲಕ್ಷ್ಮಿ ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು, ಫ್ರಿಜ್ಜನ್ನು ಖಾಲಿ ಮಾಡತೊಡಗಿದಳು. ಕುಂಕುಮದ ಬಣ್ಣದ ಒಂಟಿ ಬಾಗಿಲಿನ ಫ್ರಿಜ್ಜು. ಅವಳಿಗೆ ಕಚೇರಿಯಲ್ಲಿ ಗುಮಾಸ್ತೆ ಕೆಲಸ ಕಾಯಂ ಆದ ವರ್ಷ ತಂದದ್ದು. ಆಗ ಆ ಬೀದಿಗೆಲ್ಲ ಅದೊಂದೇ. ಹಬ್ಬದ ಹಿಂದಿನ ದಿನ ಅಕ್ಕಪಕ್ಕದವರ ಹೂವಿನ ಪೊಟ್ಟಣಗಳಿಗೆ ಜಾಗ ಸಾಲದೆ, ಹಾಲಿನ ಪಾತ್ರೆ ಹೊರಗೆ ಬರುತ್ತಿತ್ತು. ಬಾಗಿಲು ತೆಗೆದರೆ ಕನಕಾಂಬರ, ಮರುಗ, ಮಲ್ಲಿಗೆ ಎಲ್ಲ ಸೇರಿದ ತಣ್ಣನೆಯ ವಾಸನೆ ಮುಖಕ್ಕೆ ಬಡಿಯುತ್ತಿತ್ತು. ಯಾರ ಕಾಲು ಉಳುಕಿದರೂ ಐಸಿಗೆ ಈ ಮನೆ ಬಾಗಿಲಿಗೇ ಬರುತ್ತಿದ್ದರು. ಬಾದಾಮಿ ಮಾವಿನ ಕಾಲದಲ್ಲಿ ಹರಿತಾ ಲೋಟಗಳಲ್ಲಿ ರಸ ತುಂಬಿ, ಕಡ್ಡಿ ಚುಚ್ಚಿ, ಗಟ್ಟಿಯಾಯಿತೇ ಎಂದು ನಿಮಿಷಕ್ಕೊಮ್ಮೆ ಬಾಗಿಲು ತೆಗೆದು ನೋಡಿ ಬೈಸಿಕೊಳ್ಳುತ್ತಿದ್ದಳು. ಅತ್ತೆ ಅಮ್ಮಾಜಮ್ಮ ಮಾತ್ರ ಕೊನೆಯವರೆಗೂ ಅದರ ನೀರು ಕುಡಿಯಲಿಲ್ಲ. ಮಡಕೆಯ ನೀರೇ ಆಗಬೇಕು. ಆದರೂ ಒದ್ದೆ ಬಟ್ಟೆಯಲ್ಲಿ ಸುತ್ತಿದ ಅವರ ವೀಳ್ಯದೆಲೆ ತರಕಾರಿ ಡಬ್ಬಿಯ ಒಂದು ಮೂಲೆಯನ್ನು ಕಾಯಂ ಹಿಡಿದುಕೊಂಡಿತ್ತು. ಅಮ್ಮಾಜಮ್ಮ ತೀರಿಕೊಂಡು ವರ್ಷ ದಾಟಿದರೂ ವರಲಕ್ಷ್ಮಿ ಆ ಮೂಲೆಗೆ ಏನನ್ನೂ ಇಡುತ್ತಿರಲಿಲ್ಲ. ಹೀಗೆಂದು ಯಾರೂ ಹೇಳಿರಲಿಲ್ಲ, ಸುಮ್ಮನೆ ಹಾಗಾಗಿತ್ತು.

ಹೊಸ ಫ್ರಿಜ್ಜು ಅಗಲವಾಗಿದ್ದುದರಿಂದ ಪ್ಲಗ್ ಪಾಯಿಂಟನ್ನು ಆಚೆ ಗೋಡೆಗೆ ಹಾಕಬೇಕಿತ್ತು. ಅದಕ್ಕೆಂದು ಗಂಗಾಧರ್ ಬಯ್ಯಪ್ಪನಿಗೆ ಹೇಳಿ ಕಳಿಸಿದ್ದ. ಈ ಮನೆಗೆ ಮೊದಲು ವೈರಿಂಗ್ ಮಾಡಿದವನು ಬಯ್ಯಪ್ಪನೇ. ಈಗ ತಲೆ ಪೂರ್ತಿ ಬೆಳ್ಳಗಾಗಿತ್ತು, ಏಣಿ ಹತ್ತುವುದು ಬಿಟ್ಟಿದ್ದ. ಬಂದವನು ಚೀಲ ಕೆಳಗಿಟ್ಟು, ಹಳೆಯ ಫ್ರಿಜ್ಜನ್ನು ಗುರುತಿನವರನ್ನು ನೋಡಿದಂತೆ ನೋಡಿ, "ಇದನ್ನ ಯಾಕಮ್ಮ ಕಳಿಸ್ತೀರಾ?" ಎಂದ.

"ಮುಟ್ಟಿದ್ರೆ ಶಾಕ್ ಹೊಡೀತದೆ ಬಯ್ಯಪ್ಪ. ಬಸುರಿ ಹುಡುಗಿ ಬೇರೆ ಮನೇಲಿದಾಳೆ."

"ಎಲ್ಲೀ, ನೋಡಣ ಇರಿ."

ಪ್ಲಗ್ಗು ಹಾಕಿ ಟೆಸ್ಟರನ್ನು ಬಾಗಿಲಿಗೆ ತಾಗಿಸಿದ. ಟೆಸ್ಟರೊಳಗಿನ ಕೆಂಪು ದೀಪ ಹತ್ತಿತು. ಅವನು ಅಷ್ಟಕ್ಕೇ ಬಿಡದೆ ಗ್ರೈಂಡರಿನ ಮೈಗೆ ಹಿಡಿದ. ಅಲ್ಲೂ ಹತ್ತಿತು. ಬಚ್ಚಲಮನೆಯ ವಾಷಿಂಗ್ ಮಷೀನಿಗೆ ಹಿಡಿದ. ಅಲ್ಲೂ ಹತ್ತಿತು.

"ಇದು ಫ್ರಿಜ್ಜಿನ ಕಾಯಿಲೆ ಅಲ್ಲ, ಮನೆ ಕಾಯಿಲೆ" ಎಂದ. ಚೀಲದಿಂದ ಎರಡು ವೈರು ಕಟ್ಟಿದ ಹಳೆಯ ಬಲ್ಬೊಂದನ್ನು ತೆಗೆದು ಪ್ಲಗ್ಗಿನ ತೂತುಗಳಿಗೆ ಚುಚ್ಚಿದ. ಕೆಳಗಿನ ಎರಡರ ನಡುವೆ ಬಲ್ಬು ಚೆನ್ನಾಗಿ ಉರಿಯಿತು. ಒಂದು ವೈರನ್ನು ಮೇಲಿನ ದಪ್ಪ ತೂತಿಗೆ ಬದಲಾಯಿಸಿದಾಗ ಆರಿಹೋಯಿತು. "ನೋಡ್ರಿ ಗಂಗಾಧರಣ್ಣ, ಅರ್ತ್ ಸತ್ತೋಗದೆ. ಸ್ವಲ್ಪ ಕರೆಂಟ್ ಎಲ್ಲ ಹಳೇ ಮಷೀನ್ ಮೈಗೂ ಬರ್ತದೆ. ಅರ್ತ್ ಇದ್ರೆ ಅದು ನೆಲಕ್ಕಿಳಿದು ಹೋಗ್ತದೆ. ಇಲ್ಲಾಂದ್ರೆ ಮುಟ್ಟಿದೋರ ಮೈಮೇಲಿಂದ ಇಳೀತದೆ. ಹೊಸದು ತಂದಿಟ್ರೂ ಇವತ್ತಲ್ಲ ನಾಳೆ ಇದೇ ಕತೆ."

ಹಿತ್ತಿಲ ಬಾಗಿಲು ತೆಗೆದು ಆಚೆ ಹೋದವನು ಅಲ್ಲೇ ನಿಂತುಬಿಟ್ಟ. ಹಿತ್ತಿಲೆಲ್ಲ ಸಿಮೆಂಟು. ಗೋಡೆಯಿಂದ ಗೋಡೆಗೆ ಬೂದು ಬಣ್ಣದ ನೆಲ, ಮಧ್ಯೆ ಬಟ್ಟೆ ಒಣಗುವ ತಂತಿ.

"ಅರ್ತ್ ಗುಂಡಿ ಇಲ್ಲೇ ಅಲ್ವಾ ತೋಡಿದ್ದು, ಈ ಮೂಲೇಲಿ?"

"ಇಲ್ಲೇ. ಅಮ್ಮ ಹೋದ್ಮೇಲೆ ಸಿಮೆಂಟ್ ಹಾಕಿಸಿದ್ವಿ, ಕೆಸರಾಗ್ತಿತ್ತು ಅಂತ" ಎಂದ ಗಂಗಾಧರ್. "ಪೈಪು, ವೈರು ಏನೂ ಕೀಳಲಿಲ್ಲ. ಒಳಗೇ ಇದಾವೆ."

"ಇದ್ರೇನ್ ಬಂತು. ನಮ್ ಕಡೆ ಮಣ್ಣು ಒಣಗಿದ್ರೆ ಕಲ್ಲು. ತೇವ ಇದ್ರೆ ತಾನೇ ಕರೆಂಟ್ ಇಳಿಯೋದು." ಬಯ್ಯಪ್ಪ ಕಾಲಿನಿಂದ ಸಿಮೆಂಟನ್ನು ಒರೆಸಿ ನೋಡಿದ. "ನಂಗೆ ಅದಲ್ಲ ಆಶ್ಚರ್ಯ. ಆ ಕಾಲದಲ್ಲಿ ನಾನು ಹಾಕಿದ ಗುಂಡಿಗಳೆಲ್ಲ ಒಂದೆರಡು ಬೇಸಿಗೆಗೇ ಒಣಗೋದವು. ಇದು ಹೋದ್ ವರ್ಷದ ತನಕ ಹೆಂಗೆ ಜೀವ ಹಿಡ್ಕೊಂಡಿತ್ತು? ಇಲ್ಲಿ ಯಾರು ನೀರು ಹಾಕ್ತಿದ್ರು?"

ವರಲಕ್ಷ್ಮಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಆ ಮೂಲೆಯನ್ನೇ ನೋಡಿದಳು.

ಆ ಮೂಲೆಯಲ್ಲಿ ಅಮ್ಮಾಜಮ್ಮ ಪಾತ್ರೆ ತೊಳೆಯುತ್ತಿದ್ದರು. ಅಡಿಗೆಮನೆಯಲ್ಲಿ ಸಿಂಕು ಹಾಕಿಸಿದ ಮೇಲೂ ಪಾತ್ರೆಗಳನ್ನೆಲ್ಲ ಕುಕ್ಕೆಗೆ ತುಂಬಿಕೊಂಡು ಅಲ್ಲಿಗೇ ಹೋಗುತ್ತಿದ್ದರು. ನೀರಿಗೆ ಟ್ಯಾಂಕರು ಕಾಯುವ ಬೇಸಿಗೆಯಲ್ಲೂ ಅಕ್ಕಿ ತೊಳೆದ ನೀರು, ಬಟ್ಟೆ ಜಾಲಿಸಿದ ನೀರು ಅಲ್ಲಿಗೇ. ಕೇಳಿದರೆ, "ಕರೆಂಟಿಗೆ ನೀರು ಹಾಕ್ಬೇಕಮ್ಮ. ಬಯ್ಯಪ್ಪ ಹೇಳವ್ನೆ" ಎನ್ನುತ್ತಿದ್ದರು. ಪುಟ್ಟ ಹರಿತಾ ಬಿದ್ದು ಬಿದ್ದು ನಗುತ್ತಿದ್ದಳು. "ಕರೆಂಟಿಗೂ ಬಾಯಾರತ್ತಾ ಅಜ್ಜಿ?"

"ಆರಲ್ವೇನಮ್ಮ? ಹಗಲೂ ರಾತ್ರಿ ದುಡೀತದಲ್ಲ."

ಮನೆಯಲ್ಲಿ ಅದೊಂದು ತಮಾಷೆಯಾಗಿ ಉಳಿಯಿತು. ನೆಂಟರ ಮುಂದೆ ಹೇಳಿ ನಗುವ ಮಾತಾಯಿತು. ಆದರೆ ವರಲಕ್ಷ್ಮಿಗೆ ನಗು ಬರದ ಕಾಲವೂ ಇತ್ತು. ಒಂದು ಸಂಜೆ ಕಚೇರಿಯಿಂದ ಬರುವಾಗ ಬೀದಿಯ ನಲ್ಲಿಯ ಹತ್ತಿರ ಯಾರೋ, ಕೆಲಸಕ್ಕೆ ಹೋಗುವ ಸೊಸೆ ಮುದುಕಿಯ ಕೈಲಿ ಬಿಸಿಲಲ್ಲಿ ಪಾತ್ರೆ ಉಜ್ಜಿಸುತ್ತಾಳೆ ಎಂದದ್ದು ಕಿವಿಗೆ ಬಿತ್ತು. ಅವಳು ನೆಟ್ಟಗೆ ಹಿತ್ತಿಲಿಗೆ ಹೋಗಿ, "ನನ್ ಮಾನ ಕಳೀಬೇಕು ಅಂತ್ಲೇ ಇಲ್ಲಿ ಕೂತ್ಕೋತೀರಾ?" ಎಂದುಬಿಟ್ಟಳು. ಅಮ್ಮಾಜಮ್ಮ ತಲೆಯೆತ್ತಿ ನೋಡಿದರು. ಹುಣಸೆಹಣ್ಣು ಮೆತ್ತಿದ ಕೈ ಹಾಗೇ ನಿಂತಿತ್ತು. ಆಮೇಲೆ ಮತ್ತೆ ಉಜ್ಜತೊಡಗಿದರು. ಆ ತಿಂಗಳೆಲ್ಲ ಅತ್ತೆ ಸೊಸೆ ಮಾತಾಡಲಿಲ್ಲ. ಹಿತ್ತಿಲಿಗೆ ಸಿಮೆಂಟು ಹಾಕಿಸಲು ಹಟ ಹಿಡಿದವಳೂ ವರಲಕ್ಷ್ಮಿಯೇ.

"ನಮ್ಮತ್ತೆ ಹಾಕ್ತಿದ್ರು" ಎಂದಳು ಈಗ. "ನೀನೇ ಹೇಳಿದ್ದೆ ಅಂತಿದ್ರು."

"ನಾನಾ?" ಬಯ್ಯಪ್ಪ ನೆನಪು ಮಾಡಿಕೊಳ್ಳಲು ನೋಡಿದ. ಆಗಲಿಲ್ಲ. "ಹೇಳಿರ್ತೀನಮ್ಮ. ಎಲ್ಲರ ಮನೇಲೂ ಹೇಳ್ತೀನಿ. ಯಾರೂ ಹಾಕಲ್ಲ."

ಗಂಗಾಧರ್ ಸಿಮೆಂಟಿನ ಕಡೆ ನೋಡಿ, "ಒಳ್ಳೇ ನೆಲ, ಒಡೆಯೋಕೆ ಮನಸ್ಸು ಬರಲ್ಲ. ಮುಂದ್ಗಡೆ ಬೇರೆ ಗುಂಡಿ ತೋಡಿದ್ರೆ ಆಗಲ್ವಾ?" ಎಂದ.

"ಆಗ್ತದೆ. ಅಲ್ಲಿಂದ ವೈರ್ ಎಳೆದ್ರಾಯ್ತು."

"ಬೇಡ" ಎಂದಳು ವರಲಕ್ಷ್ಮಿ. "ಇಲ್ಲೇ ಒಡೀರಿ."

ಗಂಗಾಧರ್ ಅವಳ ಮುಖ ನೋಡಿದ. ಮತ್ತೆ ಕೇಳದೆ ಮೇನ್ ಸ್ವಿಚ್ಚು ಆರಿಸಿ, ತೋಟಕ್ಕೆ ಒಯ್ಯುವ ಹಾರೆ ತಂದ. ಸಿಮೆಂಟು ತೆಳ್ಳಗಿತ್ತು, ಬೇಗ ಬಿರುಕು ಬಿಟ್ಟಿತು. ಕೆಳಗೆ ಮಣ್ಣು ಹೊಗೆಸೊಪ್ಪಿನ ಪುಡಿಯಂತೆ ಒಣಗಿತ್ತು. ಕೆದಕುತ್ತ ಹೋದಂತೆ ತುಕ್ಕು ಹಿಡಿದ ಪೈಪಿನ ತಲೆ ಕಂಡಿತು, ಅದರ ಸುತ್ತ ತೇವ ಹಿಡಿದಿಡಲೆಂದು ತುಂಬಿದ್ದ ಕಪ್ಪು ಇದ್ದಿಲು. ಬಯ್ಯಪ್ಪ ಒಂದು ಚೂರನ್ನು ಎತ್ತಿ ಬೆರಳಲ್ಲಿ ತಿರುಗಿಸಿದ.

"ಹಾ, ಇದು ನೆನಪಾಯ್ತು ನೋಡಿ. ಇದ್ದಿಲು ಸಾಲದೆ ಬಂದಿತ್ತು. ಅಂಗಡಿಗೆ ಹೋಗ್ಬೇಡ ಇರಪ್ಪ ಅಂತ ಅಮ್ಮಾಜಮ್ಮನೋರು ಹಂಡೆ ಒಲೆಯಿಂದ ಮೊರದ ತುಂಬ ತಂದು ಸುರಿದ್ರು. ಕೈಯೆಲ್ಲ ಕಪ್ಪು. ಆ ಕೈಲೇ ನಂಗೆ ಮಜ್ಜಿಗೆ ಕೊಟ್ರು, ಲೋಟದ ಮೇಲೆಲ್ಲ ಬೆರಳಚ್ಚು."

ಹರಿತಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ನಗುತ್ತಿದ್ದವಳು, ಅಮ್ಮನ ಕಡೆ ನೋಡಿ ನಗು ನಿಲ್ಲಿಸಿದಳು.

ಪೈಪಿನ ತಲೆಯ ತುಕ್ಕನ್ನು ಉಜ್ಜಿ, ವೈರನ್ನು ಬಿಗಿದು ಕಟ್ಟಿ, ಕಲ್ಲುಪ್ಪು ಸುರಿದ ಮೇಲೆ ವರಲಕ್ಷ್ಮಿ ನೀರು ಹೊಯ್ದಳು. ಮೊದಲ ಕೊಡ ಸುರಿದದ್ದೇ ತಿಳಿಯಲಿಲ್ಲ. ಮಣ್ಣು ಸುಯ್ಯೆಂದು ಎಳೆದುಕೊಂಡಿತು. ಕೊಡದ ಮೇಲೆ ಕೊಡ ತಂದು ಹಾಕಿದಳು. ಬಹಳ ಹೊತ್ತಾದ ಮೇಲೆ ಗುಂಡಿಯಿಂದ ಗುಳ್ಳೆಗಳೆದ್ದು ನೀರು ಮೇಲೆ ನಿಂತಿತು. ಒಳಗೆ ಬಯ್ಯಪ್ಪ ಮೇನ್ ಸ್ವಿಚ್ಚು ಹಾಕಿ ಮತ್ತೆ ವೈರು ಚುಚ್ಚಿದಾಗ ಬಲ್ಬು ಕೆಂಪಗೆ ಮಿಣುಕಿ, ಆಮೇಲೆ ಬೆಳ್ಳಗೆ ಉರಿಯಿತು.

"ಬಂತು" ಎಂದ. ಟೆಸ್ಟರು ಹಿಡಿದು ನೋಡಿ, ತಾನು ಮುಟ್ಟಿ ನೋಡಿ, ಆಮೇಲೆ ಸರಿದು ನಿಂತ. ವರಲಕ್ಷ್ಮಿ ಒದ್ದೆ ಕಾಲಲ್ಲೇ ಬಂದು ಫ್ರಿಜ್ಜಿನ ಬಾಗಿಲ ಮೇಲೆ ಅಂಗೈ ಊರಿದಳು. ಒಳಗೆ ಯಂತ್ರ ಗುಂಯ್ ಎನ್ನುವ ಸಣ್ಣ ನಡುಕ ಬಿಟ್ಟರೆ ಬೇರೇನೂ ಇರಲಿಲ್ಲ.

ಗಂಗಾಧರ್ ಅಂಗಡಿಗೆ ಫೋನು ಮಾಡಿ ಇವತ್ತು ಗಾಡಿ ಕಳಿಸಬೇಡಿ ಎಂದ. ಯಾವತ್ತು ಕಳಿಸಲಿ ಎಂದು ಅವರು ಕೇಳಿರಬೇಕು. ಅವನು ಹೆಂಡತಿಯ ಕಡೆ ನೋಡಿ, "ಹೇಳ್ತೀನಿ ಬಿಡಿ" ಎಂದು ಇಟ್ಟುಬಿಟ್ಟ.

ಸಂಜೆ ವರಲಕ್ಷ್ಮಿ ಸಿಂಕಿನಲ್ಲಿದ್ದ ಪಾತ್ರೆಗಳನ್ನು ಬಕೀಟಿಗೆ ತುಂಬಿಕೊಂಡು ಹಿತ್ತಿಲಿಗೆ ಒಯ್ದಳು. ಮಂಡಿ ನೋವಿಗೆ ಗೋಡೆ ಹಿಡಿದು ಮೆಲ್ಲಗೆ ಕುಕ್ಕರಗಾಲಲ್ಲಿ ಕೂತಳು. ಈ ಮನೆಗೆ ಬಂದು ಇಷ್ಟು ವರ್ಷವಾದರೂ ಆ ಜಾಗದಲ್ಲಿ ಅವಳು ಕೂತಿರಲಿಲ್ಲ. ತಲೆಯೆತ್ತಿದಾಗ ಹಿತ್ತಿಲ ಬಾಗಿಲು, ಅಡಿಗೆಮನೆ, ಹಾಲು, ಬೀದಿ ಬಾಗಿಲು ಎಲ್ಲ ಒಂದೇ ಸಾಲಿನಲ್ಲಿ ಕಂಡವು. ಬೀದಿಯಲ್ಲಿ ಹಾದುಹೋಗುವವರ ಕಾಲುಗಳೂ ಕಂಡವು. ಮುರುಗಮಲ್ಲದ ಬಸ್ಸಿನಿಂದಿಳಿದವರು ಯಾರೋ ಮಾತಾಡಿಕೊಂಡು ಹೋದರು. ಅಡಿಗೆಮನೆಯಲ್ಲಿ ಇನ್ನೂ ದೀಪ ಹಾಕಿರಲಿಲ್ಲ. ಹರಿತಾ ಬರಿಗಾಲಲ್ಲಿ ಬಂದು ಫ್ರಿಜ್ಜಿನ ಬಾಗಿಲು ತೆಗೆದು, ಏನು ಬೇಕೆಂದು ತೋಚದವಳಂತೆ ಹಾಗೇ ನಿಂತಳು. ಒಳಗಿನ ಹಳದಿ ಬೆಳಕು ಅವಳ ಮುಖದ ಮೇಲೂ ಹೊಟ್ಟೆಯ ಮೇಲೂ ಬಿದ್ದಿತ್ತು. ವರಲಕ್ಷ್ಮಿ ಉಜ್ಜುವುದನ್ನು ನಿಲ್ಲಿಸಿ ನೋಡಿದಳು. ಬಾಗಿಲು ಹಾಕು ಎಂದು ಕೂಗಲಿಲ್ಲ.