ಕೆಂಪಿಗೆ ಎರೆದ ನೀರು

ಜಾಲಹಳ್ಳಿಯ ಕಾರ್ಖಾನೆಯಲ್ಲಿ ನನ್ನ ಕೆಲಸ ಸೊಟ್ಟ ಹುಡುಕುವುದು. ಉಕ್ಕಿನ ಕಂಬಿಯನ್ನು ಮಟ್ಟದ ಕಲ್ಲಿನ ಮೇಲೆ ಉರುಳಿಸಬೇಕು, ಅಡಿಯಲ್ಲಿ ಬೆಳಕು ಕಂಡರೆ ಪಕ್ಕಕ್ಕೆ ಎತ್ತಿಡಬೇಕು, ಅಷ್ಟೆ. ಐದು ವರ್ಷ ಇದನ್ನೇ ಮಾಡಿ ಕಣ್ಣಿಗೆ ಒಂದು ಕೆಟ್ಟ ಚಟ ಅಂಟಿಕೊಂಡಿತ್ತು. ಬಾಗಿಲು, ಗೋಡೆ, ಹೆಂಡತಿ ಹಾಕಿದ ರಂಗೋಲಿ, ಯಾವುದೂ ನನಗೆ ನೆಟ್ಟಗೆ ಕಾಣುತ್ತಿರಲಿಲ್ಲ. “ಮುನಿಶಾಮಪ್ಪ ಬಂದ, ಎಲ್ರೂ ನೆಟ್ಟಗೆ ನಿಂತ್ಕೊಳ್ರಪ್ಪೋ” ಎಂದು ನೆಂಟರು ಗೇಲಿ ಮಾಡುತ್ತಿದ್ದರು. ನನಗೆ ಒಳಗೊಳಗೇ ಜಂಬ.

ಹಾಗಾಗಿ ಕೆಂಪಿಯ ಬೆನ್ನನ್ನು ಮೊದಲು ನೋಡಿದವನು ನಾನೇ. ಅವಳು ನನ್ನ ತಂಗಿ ಮುನಿವೆಂಕಟಮ್ಮನ ಒಬ್ಬಳೇ ಮಗಳು. ಪೂರ್ತಿ ಹೆಸರು ಮುನಿಕೆಂಪಮ್ಮ, ಆಗ ಹನ್ನೆರಡು ವರ್ಷ. ಸಾವಿರದ ಒಂಬೈನೂರ ಅರವತ್ತೊಂದರ ಮಳೆಗಾಲ ಮುಗಿಯುವ ಹೊತ್ತು. ಬ್ಯಾಟರಾಯನಪುರದಲ್ಲಿ ಅವರ ರಾಗಿ ಹೊಲದ ಬದುವಿನ ಮೇಲೆ ನಿಂತಿದ್ದೆ. ಕೆಂಪಿ ನನಗೆ ಬೆನ್ನು ಹಾಕಿ, ಸೊಂಟ ಬಗ್ಗಿಸಿ ಕಳೆ ಕೀಳುತ್ತಿದ್ದಳು. ಬೆನ್ನಿನ ಬಲಗಡೆ ಕಾವಲಿಯ ಮೇಲೆ ರೊಟ್ಟಿ ಉಬ್ಬಿದ ಹಾಗೆ ಮೇಲೆದ್ದಿತ್ತು, ಎಡಗಡೆ ತಗ್ಗಾಗಿತ್ತು. ಎದ್ದು ನಿಂತರೆ ಏನೂ ಇಲ್ಲ, ಬಲ ಹೆಗಲು ಒಂದು ಬೆರಳು ಮೇಲಿತ್ತು, ಅಷ್ಟೆ.

“ನೀರು ಒತ್ತೂ ಒತ್ತೂ ಅಂಗಾಗದೆ ಕಣಣ್ಣ, ಸರೋಗ್ತದೆ,” ಎಂದಳು ತಂಗಿ. ಅವಳ ಅತ್ತೆ ಮಾರಕ್ಕ ಸುಮ್ಮನಿರುವ ಪೈಕಿಯಲ್ಲ. “ಇವ್ಳು ಬಸ್ರೀಲಿ ಗ್ರಾಣ ನೋಡಿದ್ಲು. ನಾ ಏಳ್ದೆ, ಕೇಳ್ಲಿಲ್ಲ,” ಎಂದು ಸೊಸೆಯ ತಲೆಗೆ ಕಟ್ಟಿದಳು. ನನಗೆ ರೇಗಿಹೋಯಿತು. ಒಂದು ದಿನ ರಜಾ ಹಾಕಿ, ತಂಗಿಯನ್ನೂ ಹುಡುಗಿಯನ್ನೂ ಕರೆದುಕೊಂಡು ಪೇಟೆಯ ದೊಡ್ಡಾಸ್ಪತ್ರೆಗೆ ಹೋದೆ.

ಅಲ್ಲಿ ಸಿಕ್ಕಿದ ಮೂಳೆ ಡಾಕ್ಟರು ಇನ್ನೂ ಹುಡುಗ, ಆದರೆ ನನ್ನ ಹಾಗೇ ಸಿಡುಕ. ಅವರೂ ಕೆಂಪಿಯನ್ನು ಬಗ್ಗಿಸಿಯೇ ನೋಡಿದರು. ಎಕ್ಸ್‌ರೇ ತೆಗೆಸಿ ಕಿಟಕಿಯ ಬೆಳಕಿಗೆ ಹಿಡಿದರು. ಬೆನ್ನುಮೂಳೆ ಎದೆಯ ಹತ್ತಿರ ಬಲಕ್ಕೆ ಬಾಗಿ ಮತ್ತೆ ಎಡಕ್ಕೆ ಹೊರಳಿತ್ತು. ನನ್ನಂಥವನು ಒಂದು ಕ್ಷಣವೂ ಯೋಚಿಸದೆ ಪಕ್ಕಕ್ಕೆ ಎತ್ತಿಡುವಷ್ಟು ಸೊಟ್ಟ.

“ಕ್ಷಯ ಅಲ್ಲ, ಅದೊಂದು ಪುಣ್ಯ,” ಎಂದರು ಡಾಕ್ಟರು. “ಯಾಕೆ ಬಂತು ಅಂತ ಮಾತ್ರ ಕೇಳ್ಬೇಡಿ, ನಮಗೂ ಗೊತ್ತಿಲ್ಲ. ನೀರು ಹೊತ್ತಿದ್ದಕ್ಕಲ್ಲ, ಕೂರೋ ರೀತಿಗಲ್ಲ, ಗ್ರಹಣಕ್ಕಂತೂ ಅಲ್ವೇ ಅಲ್ಲ. ಮಕ್ಕಳು ಜೋರಾಗಿ ಬೆಳೆಯೋ ವಯಸ್ಸಲ್ಲಿ ಕೆಲವರಿಗೆ, ಅದರಲ್ಲೂ ಹೆಣ್ಮಕ್ಕಳಿಗೆ, ಬೆನ್ನು ಹೀಗೆ ಬಾಗ್ತಾ ತಿರುಚ್ಕೊಳ್ಳುತ್ತೆ. ಈಗ ನಲವತ್ತು ಡಿಗ್ರಿ ಇದೆ.”

“ನೆಟ್ಟಗಾಗುತ್ತಾ ಸಾರ್?”

“ಪೂರ್ತಿ ಆಗಲ್ಲ. ನಿಲ್ಲಿಸ್ಬಹುದು. ಬೆಳೆಯೋ ಮೂಳೆ ಮಾತ್ರ ನಮ್ಮ ಮಾತು ಕೇಳುತ್ತೆ. ಬೆಳವಣಿಗೆ ನಿಲ್ಲೋವರೆಗೂ, ಅಂದ್ರೆ ಇನ್ನೊಂದೆರಡು ವರ್ಷ, ಪ್ಲಾಸ್ಟರ್ ಹಾಕಿ ಹಿಡಿದಿಟ್ರೆ ಹುಡುಗಿ ನಿಮ್ಮ ಹಾಗೇ ಓಡಾಡ್ಕೊಂಡು ಇರ್ತಾಳೆ. ಬಿಟ್ರೆ ಈ ಸೊಟ್ಟ ಜಾಸ್ತಿಯಾಗ್ತಾ ಓಡುತ್ತೆ. ಆಮೇಲೆ ಪಕ್ಕೆಲುಬು ಉಸಿರಿನ ಜಾಗಾನೂ ಒತ್ತುತ್ತೆ.”

ಜನವರಿಯಲ್ಲಿ ಪ್ಲಾಸ್ಟರ್ ಹಾಕಿದರು. ಒಂದು ಚೌಕಟ್ಟಿಗೆ ಕಟ್ಟಿ ತಲೆಯನ್ನೂ ಸೊಂಟವನ್ನೂ ಎರಡು ಕಡೆಯಿಂದ ಎಳೆದು, ಉಬ್ಬನ್ನು ಒತ್ತಿ ಹಿಡಿದು, ಸೊಂಟದಿಂದ ಗಲ್ಲದವರೆಗೆ ಗಟ್ಟಿಯಾಗಿ ಸುತ್ತಿದರು. ನಾಲ್ಕು ನಾಲ್ಕು ತಿಂಗಳಿಗೆ ಹೊಸದು ಹಾಕಬೇಕು. “ಇದಕ್ಕೆ ನೀರು ತಾಕಬಾರದು. ಒದ್ದೆ ಬಟ್ಟೇಲಿ ಮುಖ, ಕೈಕಾಲು ಒರೆಸಿ, ಸಾಕು. ಇನ್ನೇನಾದ್ರೂ ಕೇಳೋದಿದೆಯಾ?” ಎಂದರು ಡಾಕ್ಟರು. ಕೇಳಬೇಕಾದ್ದು ಒಂದಿತ್ತು. ತಂಗಿ ನಾಚಿಕೆಯಿಂದ ಕೇಳಲಿಲ್ಲವೋ, ಹೊಳೆಯಲಿಲ್ಲವೋ. ನನಗಂತೂ ಹೊಳೆಯಲಿಲ್ಲ, ಸೋದರಮಾವನಾಗಿ ಅದು ನನಗೇ ಮೊದಲು ಹೊಳೆಯಬೇಕಿತ್ತು.

ಕೆಂಪಿ ಗಟ್ಟಿಗಿತ್ತಿ. ಹಲಗೆಯ ಮೇಲೆ ಅಂಗಾತ ಮಲಗುವುದನ್ನು ಕಲಿತಳು. ತನ್ನ ಪಾದ ತನಗೇ ಕಾಣದಿದ್ದರೂ ಕೊಡಿಗೇಹಳ್ಳಿಯ ಸ್ಕೂಲಿಗೆ ನಡೆದು ಹೋಗಿ ಬಂದಳು. ಹುಡುಗರು ಸುಣ್ಣದ ಗೊಂಬೆ ಎಂದು ಕೂಗಿದರೆ ಇಡೀ ಮೈ ತಿರುಗಿಸಿ ನಿಂತು ಬೈದು ಬರುತ್ತಿದ್ದಳು. ನಾನು ಹೋದಾಗಲೆಲ್ಲ, “ಮಾವ, ನಿನ್ ಕಲ್ ಮೇಲೆ ನನ್ನ ಉರುಳ್ಸು, ಬೆಳಕು ಕಾಣ್ತದಾ ನೋಡನ,” ಎಂದು ನಗಿಸುತ್ತಿದ್ದಳು. ಮಾರ್ಚ್ ತಿಂಗಳಲ್ಲಿ ಮತ್ತೆ ಎಕ್ಸ್‌ರೇ ತೆಗೆದರು. ಪ್ಲಾಸ್ಟರಿನೊಳಗೆ ಬಾಗು ಮೂವತ್ತು ಡಿಗ್ರಿಗೆ ಇಳಿದಿತ್ತು. ಸಿಡುಕ ಡಾಕ್ಟರು ಅವತ್ತು ನಕ್ಕರು. ನಾನು ಆಸ್ಪತ್ರೆಯಿಂದ ಹೊರಗೆ ಬಂದವನೇ ಮೂವರಿಗೂ ಮಸಾಲೆ ದೋಸೆ ಕೊಡಿಸಿದೆ.

ಹತ್ತು ದಿನ ಕಳೆದಿತ್ತು. ಕೆಂಪಿಯ ಅಪ್ಪ, ನನ್ನ ಭಾವ ಪಿಳ್ಳಪ್ಪ ಕಾರ್ಖಾನೆಯ ಗೇಟಿನ ಹತ್ತಿರ ಬಂದು ನಿಂತಿದ್ದ. “ಕೆಂಪಿ ದೊಡ್ಡೋಳಾದ್ಲು. ಗುಡ್ಲಿಗೆ ಸೊಪ್ಪು ತರ್ಬೇಕಲ್ಲ, ಸೋದರಮಾವ ನೀನೇಯ,” ಎಂದ. ಮೈನೆರೆದ ಹುಡುಗಿಗೆ ಹಸಿರು ಸೊಪ್ಪಿನ ಗುಡಿಸಲು ಹಾಕಿಕೊಡುವುದು ನಮ್ಮಲ್ಲಿ ತಾಯಿಯ ಅಣ್ಣತಮ್ಮಂದಿರ ಹಕ್ಕು. ನನಗೆ ಹುಚ್ಚು ಸಂತೋಷ. ರಜಾ ಬರೆದುಕೊಟ್ಟು, ಯಶವಂತಪುರದಲ್ಲಿ ಹಸಿರು ಲಂಗದ ಬಟ್ಟೆ, ಕೊಬ್ಬರಿ, ಬೆಲ್ಲ ಕಟ್ಟಿಸಿಕೊಂಡು, ದಾರಿಯಲ್ಲಿ ಅತ್ತಿಯ ಕೊಂಬೆ ಕಡಿದು ಸೈಕಲ್ಲಿಗೆ ಬಿಗಿದೆ. ಹೆಬ್ಬಾಳದ ಕೆರೆ ಏರಿಯ ಮೇಲೆ ಹೋಗುತ್ತಿರುವಾಗ ಪಕ್ಕದಲ್ಲಿ ಅಷ್ಟಗಲ ನೀರು ಕಂಡಾಗ ಹೊಳೆಯಿತು. ದೊಡ್ಡವಳಾದ ಹುಡುಗಿಗೆ ತಲೆಯ ಮೇಲಿಂದ ನೀರು ಎರೆಯದೆ ಒಳಗೆ ಸೇರಿಸುವುದಿಲ್ಲ.

ಹೋಗಿ ನೋಡಿದರೆ ಅಂಗಳದಲ್ಲಿ ಒಂಬತ್ತು ಕೊಡ ಅರಿಸಿನದ ನೀರು ಸಾಲಾಗಿ ಇಟ್ಟಿದ್ದರು. ಕೇರಿಯ ಹೆಂಗಸರೆಲ್ಲ ನೆರೆದಿದ್ದರು. ಕೆಂಪಿಯನ್ನು ದನದ ಕೊಟ್ಟಿಗೆಯ ಮೂಲೆಯಲ್ಲಿ ಕೂರಿಸಿದ್ದರು. ನಾನು ಸೊಪ್ಪು ಎಸೆದು ಬಾಯಿಗೆ ಬಂದದ್ದೆಲ್ಲ ಹೇಳಿದೆ. ಆಮೇಲೆ ತಗ್ಗಿ, ತಲೆಗಷ್ಟೇ ಚಿಮುಕಿಸಿ ಎಂದೆ. ಕತ್ತಿನಿಂದ ಕೆಳಗೆ ಎಣ್ಣೆಬಟ್ಟೆ ಸುತ್ತಿಕೊಡುತ್ತೇನೆ ಎಂದೆ.

“ಬೆಕ್ಕಿನ ಮರೀಗೆ ಚಿಮ್ಕಿಸಿದಂಗೆ ಚಿಮ್ಕಿಸಿದ್ರೆ ಮೈಲ್ಗೆ ಓಗ್ತದಾ?” ಎಂದಳು ಮಾರಕ್ಕ. “ಈ ಒಲೆ ಮೇಲೆ ಬೇಯ್ಸಿದ್ದ ನಾಳೆ ಯಾರು ಉಣ್ತಾರೆ? ನೀರು ಉಯ್ದೆ ಇರೋ ಎಣ್ಣ ಕೇಳಕ್ಕೆ ಯಾವ ಮನೆಯೋರು ಬತ್ತಾರೆ?”

“ಬೆನ್ನು ಸೊಟ್ಟಗಿರೋಳನ್ನ ಕೇಳಕ್ಕೆ ಯಾವನು ಬರ್ತಾನೆ?” ಎಂದು ನಾನು ಕಿರುಚಿದೆ.

ಕೊಟ್ಟಿಗೆಯಲ್ಲಿ ಕೂತಿದ್ದ ಹುಡುಗಿಗೆ ಕೇಳಿಸದೇ ಇರಲು ಅದೇನು ದೂರದಲ್ಲಿತ್ತೇ? ನನ್ನ ಸಿಟ್ಟಿಗೆ ಬೆಂಕಿ ಹಾಕ.

ತಂಗಿ ನನ್ನ ತೋಳು ಹಿಡಿದು ಹಿತ್ತಿಲಿನ ಹುಲ್ಲಿನ ಬಣವೆಯ ಮರೆಗೆ ಕರೆದುಕೊಂಡು ಹೋದಳು. ಅವಳು ಅಳುತ್ತಿರಲಿಲ್ಲ. “ಅಣ್ಣ, ನಂಗೂ ಗೊತ್ತು ನೀರು ಉಯ್ಯಬಾರ್ದು ಅಂತ. ಡಾಕ್ಟ್ರು ಏಳಿದ್ದ ನಾನೂ ಕೇಳಿವ್ನಿ. ಇವ್ರು ಎದರ್ಕೊಂಡಿರೋದು ಒಂದಕ್ಕೆ, ನಾಳೆ ಇವ್ಳು ಯಾರ ಮನೆ ಸೇರ್ತಾಳೆ ಅನ್ನೋದ್ಕೆ. ನೀನು ಒಂದ್ ಮಾತು ಏಳು. ಕೆಂಪೀನ ನಮ್ಮ ಮುನಿಯಣ್ಣಂಗೆ ತಂದ್ಕೋತೀನಿ ಅಂತ ಅಂಗಳದಾಗೆ ನಿಂತು ಏಳು. ಯಾವಾಗನಾ ಆಗ್ಲಿ, ಐದ್ ವರ್ಸ ಆಗ್ಲಿ, ಅತ್ ವರ್ಸ ಆಗ್ಲಿ. ಆಮೇಲೆ ಯಾವೋಳು ಕೊಡ ಎತ್ತುತಾಳೋ ನಾನು ನೋಡ್ತೀನಿ.”

ಮುನಿಯಣ್ಣ ನನ್ನ ಮಗ. ಮಲ್ಲೇಶ್ವರದ ಹೈಸ್ಕೂಲಿನಲ್ಲಿ ಓದುತ್ತಿದ್ದ. ಅಣ್ಣನ ಮಗನಿಗೆ ತಂಗಿಯ ಮಗಳು ಎನ್ನುವುದು ನಮ್ಮಲ್ಲಿ ಕೇಳಿ ತೆಗೆದುಕೊಳ್ಳುವ ಮಾತೂ ಅಲ್ಲ, ಹುಟ್ಟಿದಾಗಲೇ ಆಗಿಹೋದ ಮಾತು. ಕೆಂಪಿ ತೊಟ್ಟಿಲಲ್ಲಿದ್ದಾಗ ನಾನೇ ಹಾಗೆ ಹೇಳಿ ನಕ್ಕಿದ್ದವನು. ಆ ಮಾತನ್ನು ಇನ್ನೊಂದು ಸಲ ಹೇಳಬೇಕಿತ್ತು, ಅಷ್ಟೆ. ಆಮೇಲೆ ದೊಡ್ಡವರಾದ ಮಕ್ಕಳು ಒಲ್ಲೆವೆಂದಿದ್ದರೆ ಬಿಟ್ಟೇಬಿಡಬಹುದಿತ್ತು. ಇದೆಲ್ಲ ಈಗ ಹೊಳೆಯುತ್ತದೆ. ಆಗ ನನ್ನ ಕಣ್ಣ ಮುಂದೆ ಬಂದದ್ದು ಕಿಟಕಿಗೆ ಹಿಡಿದ ಆ ಎಕ್ಸ್‌ರೇ. ಅಂಥದ್ದು ನನ್ನ ಮನೆಗೆ ಬೇಡ ಎನ್ನಿಸಿತು. ಮೂಢನಂಬಿಕೆ ಎಂದು ಊರಿಗೆಲ್ಲ ಬೈದ ದೊಡ್ಡ ಮನುಷ್ಯನಿಗೆ ಹಾಗೆನ್ನಿಸಿತು.

“ಓದೋ ಹುಡುಗನ ತಲೇಲಿ ಈಗ್ಲೇ ಇದನ್ನೆಲ್ಲ ಯಾಕೆ ತುಂಬೋದು ವೆಂಕಟಿ,” ಎಂದೆ.

ಅವಳು ನನ್ನನ್ನೇ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಳಕ್ಕೆ ಹೋದಳು. ಮೊದಲನೆಯ ಕೊಡ ಎತ್ತಿದವಳು ಅವಳೇ.

ನಾನು ಹೊರಟುಹೋಗಬಹುದಿತ್ತು. ಹೋಗಲಿಲ್ಲ, ಅಲ್ಲೇ ಕೂತು ಗುಡಿಸಲಿಗೆ ಸೊಪ್ಪು ಕಟ್ಟಿದೆ. ಕೆಂಪಿಯನ್ನು ಮಣೆಯ ಮೇಲೆ ಕೂರಿಸಿದರು. ಕತ್ತು ತಿರುಗಿಸಲಾಗದೆ ಕಣ್ಣಿನಲ್ಲೇ ನನ್ನನ್ನು ಹುಡುಕಿದಳು. ನಾನು ಇರುವುದು ಕಂಡು ಅವಳ ಮುಖ ಸಡಿಲವಾಯಿತು. ಅಷ್ಟು ಕೂಗಾಡಿದ ಮಾವನೇ ಸೊಪ್ಪು ಕಟ್ಟುತ್ತ ಕೂತಿದ್ದಾನೆಂದರೆ ಇನ್ನು ಭಯವಿಲ್ಲ ಎಂದುಕೊಂಡಳೇನೋ. ಕಣ್ಣು ಮುಚ್ಚಿ ತಲೆಯೊಡ್ಡಿದಳು. ಒಂಬತ್ತು ಕೊಡವನ್ನೂ ಹೊಯ್ದರು.

ಪ್ಲಾಸ್ಟರ್ ಒಮ್ಮೆಲೇ ಕರಗಲಿಲ್ಲ. ಒಳಗಿನ ಹತ್ತಿ ನೀರು ಕುಡಿದು ಮರುದಿನಕ್ಕೆ ನಾರತೊಡಗಿತು. ಮೂರನೆಯ ದಿನ ಸೊಂಟದ ಹತ್ತಿರ ಮೆತ್ತಗಾಗಿ ಒಡೆಯಿತು. ಚರ್ಮ ಕೊಳೆಯುತ್ತದೆಂದು ಮಾರಕ್ಕನೇ ಕುಡುಗೋಲಿನಿಂದ ಜೋಪಾನವಾಗಿ ಬಿಡಿಸಿ ತೆಗೆದಳಂತೆ. ಕೆಟ್ಟ ಹೆಂಗಸೇನಲ್ಲ ಅವಳು, ಮೊಮ್ಮಗಳ ಮೈಗೆ ಹರಳೆಣ್ಣೆ ಹಚ್ಚಿ ಎರಡು ಗಂಟೆ ತಿಕ್ಕಿದಳಂತೆ. ಗುಡಿಸಲಿನಿಂದ ಹೊರಗೆ ಕರೆದು ಆರತಿ ಎತ್ತುವ ಒಸಗೆಯ ದಿನ ನಾನು ಹೋದಾಗ ಕೆಂಪಿ ಹಸಿರು ಲಂಗದಲ್ಲಿ ಹಗುರಾಗಿ ಓಡಾಡುತ್ತಿದ್ದಳು. ಬಗ್ಗಿ ತನ್ನ ಪಾದ ತಾನೇ ಮುಟ್ಟಿ ನಕ್ಕಳು. ಬಗ್ಗಿದಾಗ ನಾನು ಬೇರೆ ಕಡೆ ನೋಡಿದೆ.

ಮರುದಿನವೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು. ಹೋಗೋಣ ಬಾ ಎಂದು ತಂಗಿಯನ್ನು ಕರೆಯಲು ನನಗೆ ಮುಖವಿರಲಿಲ್ಲ. ಅವಳೂ ಕೇಳಲಿಲ್ಲ. ಬಿತ್ತನೆ ಮುಗಿಯಲಿ ಎಂದುಕೊಂಡೆ, ಮುಗಿಯಿತು. ಹಬ್ಬ ಕಳೆಯಲಿ ಎಂದುಕೊಂಡೆ, ಕಳೆಯಿತು. ಆ ದಾರಿಯಲ್ಲಿ ಹೋಗುವುದನ್ನೇ ಬಿಟ್ಟು ಕೆಲಸ ಜಾಸ್ತಿ ಎಂದು ಹೇಳಿ ಕಳಿಸುತ್ತಿದ್ದೆ. ಹದಿನಾಲ್ಕು ತಿಂಗಳು ಹೀಗೇ ಹೋಯಿತು.

ಕೊನೆಗೆ ಕೆಂಪಿಯೇ ಬಂದಳು. ಅರವತ್ತಮೂರರ ಮೇ ತಿಂಗಳು. ಯಾರಿಗೂ ಹೇಳದೆ ಒಬ್ಬಳೇ ಜಾಲಹಳ್ಳಿಗೆ ನಡೆದು ಬಂದು ನಮ್ಮ ಮನೆಯ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಿದ್ದಳು. ಸೆರಗನ್ನು ಎಷ್ಟು ಹೊದ್ದರೂ ಬಲಗಡೆಯ ಉಬ್ಬು ಮುಚ್ಚುತ್ತಿರಲಿಲ್ಲ. “ಮಾವ, ಪ್ಲಾಸ್ಟ್ರು ಆಕ್ಸು. ಮೂರು ವರ್ಸ ಆದ್ರೂ ಆಕ್ಕೊಂಡಿರ್ತೀನಿ, ನೀರು ಮುಟ್ಟಕ್ಕಿಲ್ಲ,” ಎಂದಳು. ಕೈಯಲ್ಲಿದ್ದ ಚೀಲದಲ್ಲಿ ಎರಡು ಜೊತೆ ಬಟ್ಟೆ ಇಟ್ಟುಕೊಂಡು ಬಂದಿದ್ದಳು.

ಡಾಕ್ಟರು ಅವರೇ ಇದ್ದರು. ಹೊಸ ಎಕ್ಸ್‌ರೇ ನೋಡಿ ಹುಡುಗಿಯನ್ನು ಹೊರಗಿನ ಬೆಂಚಿನ ಮೇಲೆ ಕೂತಿರಲು ಕಳಿಸಿದರು. “ಅರವತ್ತನಾಲ್ಕು ಡಿಗ್ರಿ. ಇಷ್ಟಾದ ಮೇಲೆ ಪ್ಲಾಸ್ಟರ್ ಹಿಡಿಯಲ್ಲ ಕಣ್ರೀ. ಬೊಂಬಾಯಲ್ಲಿ ಆಪರೇಷನ್ ಮಾಡ್ತಾರೆ. ವರ್ಷಗಟ್ಟಲೆ ಮಲಗಿರ್ಬೇಕು, ಕಾಲು ಹೋದ್ರೂ ಹೋಗ್ಬಹುದು. ಇವಳ ಉಸಿರು ನೋಡಿದ್ರೆ ಅದಕ್ಕೂ ತಡೀತಾಳೋ ಇಲ್ವೋ.” ನಾನು ನೀರು ಎರೆದ ವಿಷಯ ಹೇಳಿದೆ. ಅವರು ಬೈದಿದ್ದರೆ ಚೆನ್ನಾಗಿತ್ತು. “ಒದ್ದೆಯಾದ್ರೆ ಏನಂತೆ?” ಎಂದರು. “ಆ ವಾರ ಕರ್ಕೊಂಡು ಬಂದಿದ್ರೆ ಹೊಸದು ಹಾಕ್ತಿದ್ದೆ, ಅಷ್ಟೇ ತಾನೆ?”

ಬಸ್ಸಿನಲ್ಲಿ ಕೆಂಪಿ ಕಿಟಕಿಯ ಪಕ್ಕ ಕೂತಳು. ಇನ್ನು ಪ್ಲಾಸ್ಟರ್ ಇಲ್ಲ ಎಂದು ನಾನು ಹೇಳಿದ್ದೆ. ಅವಳು ಅಳಲಿಲ್ಲ. ಹೆಬ್ಬಾಳ ದಾಟಿದ ಮೇಲೆ ಕೇಳಿದಳು, “ಮಾವ, ಅವತ್ತು ನೀರು ಉಯ್ದೆ ಇದ್ದಿದ್ರೆ ನಿಂತೋಗ್ತಿತ್ತಾ?”

“ಇಲ್ಲ ಕಣಮ್ಮ,” ಎಂದೆ. “ಅದು ಹೇಗಿದ್ರೂ ಹೀಗೇ ಆಗ್ತಿತ್ತು. ಡಾಕ್ಟ್ರೇ ಹೇಳಿದ್ರು.”

ಮಗುವಿಗೆ ನೋವಾಗಬಾರದೆಂದು ಹಾಗೆ ಹೇಳಿದೆ ಎಂದು ಹೆಂಡತಿಗೆ ಆಮೇಲೆ ಹೇಳಿಕೊಂಡೆ. ಅದು ಅರ್ಧ ನಿಜ, ಉಳಿದರ್ಧ ನನ್ನ ಹೇಡಿತನ.

ಮನೆಯಲ್ಲಿ ತಂಗಿ ಒಲೆಯ ಮುಂದಿದ್ದಳು. ಕೆಂಪಿ ಚೀಲ ಕೂಡ ಇಳಿಸದೆ ತಾಯಿಯ ಪಕ್ಕ ಕುಕ್ಕರಿಸಿದಳು. “ಅವ್ವ, ಇನ್ಮೇಲೆ ನೀನು ಒಬ್ಳೇ ಕೂತು ಅಳ್ಬೇಡ. ನೀರು ಉಯ್ದಿದ್ಕೆ ಆಗಿದ್ದಲ್ವಂತೆ. ಉಯ್ದೆ ಇದ್ರೂ ಇಂಗೇ ಆಗ್ತಿತ್ತಂತೆ. ಮಾವನೇ ಏಳಿದ್ರು,” ಎಂದಳು. ತಾಯಿಗೆ ಕೊಡಲು ಏನೋ ಒಳ್ಳೆಯದು ಸಿಕ್ಕಿತೆಂಬ ಸಡಗರ ಅವಳ ದನಿಯಲ್ಲಿತ್ತು.

ವೆಂಕಟಿ ತಲೆಯೆತ್ತಿ ನನ್ನನ್ನು ನೋಡಿದಳು. “ಅಂಗಾ ಅಣ್ಣ?”

“ಹೂಂ,” ಎಂದೆ.

ನಾನು ಸುಳ್ಳು ಹೇಳುತ್ತಿರುವುದು ಅವಳಿಗೆ ಗೊತ್ತಾಯಿತು. ಬಣವೆಯ ಮರೆಯಲ್ಲಿ ನೋಡಿದ ಹಾಗೆಯೇ ನೋಡಿದಳು. ಅವಳು ಮಗಳ ಬೆನ್ನಿನ ಉಬ್ಬಿನ ಮೇಲೆ ಕೈಯಿಟ್ಟು ಸವರಿದಳು.

“ಮಾವ ಏಳಿದ್ ಮೇಲೆ ಸರಿ ಬಿಡು ಮಗಾ. ಅವ್ರಿಗೆ ತಿಳೀದ್ದು ಏನೈತೆ,” ಎಂದು, ನನ್ನ ಮುಂದೆ ತಟ್ಟೆ ಇಟ್ಟು ಬಿಸಿ ಮುದ್ದೆ ಹಾಕಿದಳು. ನಾನು ತಲೆ ತಗ್ಗಿಸಿ ಉಂಡೆ.