ಎರಡು ಸುತ್ತು ಸಡಿಲ

ಅಭ್ಯಾಸದ ಸುತ್ತು ಮುಗಿಸಿ ಬಂದ ನನ್ನ ಮಗಳು ಟ್ರೀವಾ ಹೆಲ್ಮೆಟ್ ತೆಗೆದು ತನ್ನ ನಾಲ್ಕು ಚಕ್ರದ ಬೈಕಾದ ಕ್ವಾಡ್‌ನ ಸೀಟಿನ ಮೇಲಿಟ್ಟಳು. "ಮತ್ತೆ ಹೋಯ್ತು ಕಣಪ್ಪ. ಇಳಿಜಾರಲ್ಲಿ ತುಳಿದ್ರೆ ಪೆಡಲ್ ಹತ್ತಿ ಮೂಟೆ ಥರ ಕುಸಿಯತ್ತೆ."

ಇದೇ ಹಿಂದಿನ ಚಕ್ರದ ಬ್ರೇಕ್ ಬೇಸಿಗೆಯಲ್ಲಿ ಕೈಕೊಟ್ಟು ಅವಳು ಹಳ್ಳಕ್ಕೆ ಬಿದ್ದು ಎರಡು ಪಕ್ಕೆಲುಬು ಮುರಿದುಕೊಂಡಿದ್ದಳು. ಆಮೇಲೆ ನಾನು ಪ್ಯಾಡ್ ಬದಲಿಸಿದೆ, ಡಿಸ್ಕ್ ಬದಲಿಸಿದೆ, ಬ್ರೇಕ್ ಎಣ್ಣೆಯನ್ನು ಎರಡು ಸಲ ಹೊಸದಾಗಿ ತುಂಬಿದೆ. ವೆಸ್ಟ್ ವರ್ಜೀನಿಯಾದ ಈ ಗುಡ್ಡಗಳ ಕೆಳಗೆ ಇಪ್ಪತ್ತೆಂಟು ವರ್ಷ ಕಲ್ಲಿದ್ದಲು ಬಂಡಿಗಳ ಬ್ರೇಕ್ ನೋಡಿಕೊಂಡವನು ನಾನು. ಈ ಆಟಿಕೆ ಗಾಡಿ ನನ್ನ ಮಾನ ಕಳೆಯುತ್ತಿತ್ತು.

"ರೇಸಿಗೆ ಒಂದೂವರೆ ಗಂಟೆ ಇದೆ," ಅಂದಳು. "ಆ ಮೆಕ್ಯಾನಿಕ್ ಹೊಬಾರ್ಟ್ ಟೆಂಟಿಗೆ ತಳ್ಕೊಂಡು ಹೋಗ್ಲಾ?"

"ಅವನಿಗೆ ಸೈಕಲ್ ಬ್ರೇಕೂ ಕಟ್ಟಕ್ಕೆ ಬರಲ್ಲ."

"ನಿನ್ನ ಮರ್ಯಾದೆಗಿಂತ ನಂಗೆ ನನ್ನ ಪಕ್ಕೆಲುಬು ಮುಖ್ಯ. ಇವತ್ತೂ ಹೋದ್ರೆ ಇನ್ಮೇಲೆ ಗಾಡಿ ಅವನ ಕೈಗೆ. ಹೇಳ್ಬಿಟ್ಟಿದೀನಿ."

ಮೈ ಉರಿದುಹೋಯಿತು. ಆದರೆ ಬಿದ್ದವಳು ಅವಳು, ನಾನಲ್ಲ. ಜಾಕ್ ಹಾಕಿ ಹಿಂಭಾಗ ಎತ್ತಿದೆ.

ಇಷ್ಟು ದಿನ ಮಾರನೆಯ ದಿನ ಮನೆಯ ಶೆಡ್ಡಿನಲ್ಲಿ, ಗಾಡಿ ತಣ್ಣಗಾದ ಮೇಲೆ ನೋಡುತ್ತಿದ್ದೆ. ಆಗ ಚಕ್ರ ಸಲೀಸಾಗಿ ತಿರುಗುತ್ತಿತ್ತು. ಈಗ ಎರಡೂ ಕೈ ಹಾಕಿ ತಿರುಗಿಸಿದರೂ ಬಿಗಿ. ಪೆಡಲ್ ಬಿಟ್ಟಿದ್ದರೂ ಬ್ರೇಕ್ ಹಿಡಿದೇ ಇತ್ತು. ಬ್ರೇಕ್ ಕೊಳವೆಯ ಗಾಳಿ ತೆಗೆಯುವ ತಿರುಪನ್ನು ಸ್ವಲ್ಪ ಸಡಿಲಿಸಿದೆ. ಎಣ್ಣೆ ಚಿಮ್ಮಿತು, ಚಕ್ರ ಬಿಟ್ಟುಕೊಂಡಿತು.

ಒತ್ತಡ ಒಳಗೇ ಸಿಕ್ಕಿಕೊಂಡಿತ್ತು. ಬಿಸಿಯಾಗಿ ಹಿಗ್ಗಿದ ಎಣ್ಣೆ ತನ್ನ ಡಬ್ಬಿಗೆ ಹಿಂದಿರುಗಲು ದಾರಿಯಿಲ್ಲದೆ ಪ್ಯಾಡನ್ನು ಒತ್ತಿ ಹಿಡಿದಿತ್ತು, ಪ್ಯಾಡ್ ಉಜ್ಜಿ ಉಜ್ಜಿ ಎಣ್ಣೆ ಕುದಿದು ಗುಳ್ಳೆ ಎದ್ದು ಪೆಡಲ್ ಕುಸಿಯುತ್ತಿತ್ತು. ದಾರಿ ಮುಚ್ಚಿದ್ದು ಯಾರು ಎಂದು ಪೆಡಲಿನ ಸರಳಿನ ತನಕ ಹುಡುಕಿಕೊಂಡು ಹೋದೆ. ಅಲ್ಲಿ ಒಂದು ಕೂದಲೆಳೆಯಷ್ಟೂ ಸಡಿಲವಿರಲಿಲ್ಲ; ಕಾಲು ತೆಗೆದರೂ ಸರಳು ಒತ್ತಿಕೊಂಡೇ ಇದ್ದು ಎಣ್ಣೆಯ ದಾರಿ ಮುಚ್ಚಿತ್ತು. ಅದನ್ನು ಹಾಗೆ ಬಿಗಿದವನು ನಾನೇ.

ಗಣಿಯಲ್ಲಿ ಮುಟ್ಟಿದರೆ ಕಚ್ಚಬೇಕು, ಅದು ಬ್ರೇಕು. ಪೆಡಲ್ ಸಡಿಲ ಬಿಟ್ಟ ಮೆಕ್ಯಾನಿಕ್‌ನ ಊಟದ ಡಬ್ಬಿಯಲ್ಲಿ ಹುಡುಗರು, ನಿನ್ನ ಬ್ರೇಕಿಗೆ ಹಲ್ಲಿಲ್ಲ ಅಂತ ಹಂಗಿಸಿ, ಹಲ್ಲು ಮುರಿದ ಬಾಚಣಿಗೆ ಇಟ್ಟುಬಿಡುತ್ತಿದ್ದರು. ನನ್ನ ಡಬ್ಬಿಯಲ್ಲಿ ಒಂದು ದಿನವೂ ಅದು ಸಿಕ್ಕಿರಲಿಲ್ಲ, ಇದನ್ನು ಮಗಳಿಗೆ ನೂರು ಸಲ ಹೇಳಿದ್ದೆ. ಮಾರ್ಚಿನಲ್ಲಿ ಟ್ರೀವಾ, "ಸ್ವಲ್ಪ ಸಡಿಲ ಬಿಡಪ್ಪ," ಅಂದಾಗ ನಕ್ಕುಬಿಟ್ಟಿದ್ದೆ.

ಅವಳು ಟೆಂಟಿನಾಚೆ ಬೂಟಿನ ಕೆಸರು ಕೆರೆಯುತ್ತಿದ್ದಳು. ಹೇಳದೆ ತಿರುಗಿಸಿಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಟ್ರೀವಾ, ಬಾ ಇಲ್ಲಿ. ನೀನು ಹಳ್ಳಕ್ಕೆ ಬಿದ್ದಿದ್ದು ನನ್ನಿಂದ."

ಸರಳನ್ನು ತೋರಿಸಿ ಎಲ್ಲ ಹೇಳಿದೆ. ಅವಳು ತನ್ನ ಪಕ್ಕೆ ಮುಟ್ಟಿಕೊಂಡಳು.

"ಎಷ್ಟು ಸಡಿಲ ಮಾಡ್ಬೇಕು?"

"ಎರಡು ಸುತ್ತು."

"ಕೊಡು ಸ್ಪ್ಯಾನರ್." ಅವಳೇ ತಿರುಗಿಸಿದಳು. ಕುದಿದ ಎಣ್ಣೆ ತೆಗೆದು ಹೊಸದು ತುಂಬಲು ನಾನು ಪೆಡಲ್ ಒತ್ತಿದೆ, ಅವಳು ತಿರುಪು ಹಿಡಿದಳು.

ರೇಸು ಎರಡು ಗಂಟೆ ಕಾಲ ನಡೆಯಿತು. ನಾನು ಹಳ್ಳದ ಇಳಿಜಾರಿನಲ್ಲೇ ನಿಂತಿದ್ದೆ. ಆರು ಸಲ ಇಳಿದಳು, ಆರು ಸಲವೂ ಅಂಚಿನಲ್ಲಿ ಹಿಂದಿನ ಬ್ರೇಕ್ ಕಚ್ಚಿ ಗಾಡಿ ತಿರುಗಿಕೊಂಡಿತು. ಒಂಬತ್ತನೆಯವಳಾಗಿ ಬಂದಳು.

"ಹಿಡೀತಾ?" ಅಂದೆ.

"ಕೊನೇ ತನಕ ಹಿಡೀತು. ಹಸಿವು, ತಿನ್ನಕ್ಕೇನಿದೆ?"

ಮಾಂಸ ತುಂಬಿದ ಬನ್ನು, ಪೆಪ್ಪರೋನಿ ರೋಲ್ ಇದ್ದ ನನ್ನ ಹಳೇ ಗಣಿ ಡಬ್ಬಿಯನ್ನು ಕೊಟ್ಟೆ. ಒಂದು ತಾನು ತಿಂದು, ಜೇಬಿನಿಂದ ಬಾಚಣಿಗೆ ತೆಗೆದು, ನನ್ನ ಮುಖ ನೋಡುತ್ತಲೇ ಅದರ ಹಲ್ಲುಗಳನ್ನು ಒಂದೊಂದಾಗಿ ಮುರಿದು ಡಬ್ಬಿಯೊಳಗೆ ಹಾಕಿ ಮುಚ್ಚಿದಳು.

"ಸೋಮವಾರ ಮುಂದಿನ ಚಕ್ರದ ಬ್ರೇಕೂ ನೋಡ್ಬಿಡಪ್ಪ," ಅಂದಳು.